ಒಗ್ಗರಣೆಯಿಲ್ಲದ ಕೋಳಿ: ಫೆಜ್‌ನ ಮ್ಕಲ್ಲಿಯನ್ನು ಬೆಂಗಳೂರಿನ ಒಲೆಗೆ ಹೊಂದಿಸಿದ ಬಗೆ

ಮೊರೊಕ್ಕೊದ ಫೆಜ್ ನಗರದಲ್ಲಿ ಮದುವೆ, ಹಬ್ಬ, ನೆಂಟರ ಊಟಗಳಿಗೆಂದು ಮಾಡುವ ಕೋಳಿಯ ಅಡುಗೆಗಳಲ್ಲಿ ದ್ಜಾಜ್ ಮ್ಕಲ್ಲಿಗೆ ಮೊದಲ ಮಣೆ. ಉಪ್ಪಿನಲ್ಲಿ ಹಾಕಿಟ್ಟ ನಿಂಬೆ, ಆಲಿವ್ ಕಾಯಿ, ಕೇಸರಿ, ಒಣಶುಂಠಿ, ತುರಿದ ಈರುಳ್ಳಿ, ಎಣ್ಣೆ ಮತ್ತು ಸ್ಮೆನ್ ಎಂಬ ಹಳೆಯ ಬೆಣ್ಣೆ. ಹೆಸರಿಸಬೇಕಾದ ಸಾಮಗ್ರಿ ಹೆಚ್ಚುಕಡಿಮೆ ಇಷ್ಟೇ. ಅಲ್ಲಿ ಒಂದು ಹಳೆಯ ಮನೆಯಲ್ಲಿ ಉಳಿದುಕೊಂಡಿದ್ದಾಗ ಅಡುಗೆಯವರ ಪಕ್ಕದಲ್ಲಿ ನಿಂತು ಇದನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ದೊರೆಯಿತು. ಊರಿಗೆ ಮರಳಿದ ಮೇಲೆ ಅದೇ ರುಚಿಯನ್ನು ಬೆಂಗಳೂರಿನ ಗ್ಯಾಸ್ ಒಲೆಯ ಮೇಲೆ, ಇಲ್ಲಿ ಸಿಗುವ ಹಣ್ಣು, ಕೋಳಿ, ಮಡಕೆಗಳಿಂದಲೇ ಪಡೆಯಲು ಮಾಡಿದ ಕೆಲಸದ ಟಿಪ್ಪಣಿ ಇದು.

ಕೆಲಸ ಆರಂಭಿಸುವ ಮೊದಲು ಗುರಿ ಏನೆಂಬುದನ್ನು ಬರೆದಿಟ್ಟುಕೊಂಡೆ, ಏಕೆಂದರೆ ಪ್ರವಾಸದ ನೆನಪಿನಲ್ಲಿ ಎಲ್ಲ ಊಟವೂ ಸ್ವಲ್ಪ ಹೆಚ್ಚೇ ರುಚಿಯಾಗಿರುತ್ತದೆ. ತಟ್ಟೆಯಲ್ಲಿ ಸಾರಿನಂತೆ ಹರಿಯುವ ರಸ ಇರಬಾರದು. ಈರುಳ್ಳಿ ಕರಗಿ, ನೀರು ಇಂಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡ ಗಟ್ಟಿ ಲೇಪ ಇರಬೇಕು. ಅದನ್ನು ಅಲ್ಲಿಯವರು ದಗ್ಮೀರಾ ಎನ್ನುತ್ತಾರೆ. ಬಣ್ಣ ಅರಿಸಿನದ ಹಳದಿಯಲ್ಲ, ಕೇಸರಿಯ ಹೊನ್ನು. ಕೋಳಿಯ ಚರ್ಮ ಕೆಂಪಗೆ ಹುರಿದಿರಬೇಕು, ಒಳಗಿನ ಮಾಂಸ ಎರಡು ಬೆರಳಿಗೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗಿರಬೇಕು. ನಿಂಬೆಯ ಸಿಪ್ಪೆಯಲ್ಲಿ ಕಹಿ ಅಡಗಿ ಪರಿಮಳ ಮಾತ್ರ ಉಳಿದಿರಬೇಕು. ಖಾರ ಎಲ್ಲಿಯೂ ಇಲ್ಲ. ಮೆಣಸು ಮತ್ತು ಶುಂಠಿಯ ಬಿಸಿ ಮಾತ್ರ ಗಂಟಲಿನ ಹಿಂಭಾಗದಲ್ಲಿ ತಿಳಿಯಬೇಕು.

ನಮ್ಮ ಅಡುಗೆಯ ಅಭ್ಯಾಸಕ್ಕೆ ಇಲ್ಲಿ ಒಗ್ಗದ ಸಂಗತಿ ಒಂದಿದೆ, ಮತ್ತು ಇಡೀ ಕೆಲಸ ನಿಂತಿರುವುದು ಅದರ ಮೇಲೆಯೇ. ನಾವು ರುಚಿಯನ್ನು ಮೊದಲಿಗೇ ಕಟ್ಟುತ್ತೇವೆ: ಎಣ್ಣೆ ಕಾಯಬೇಕು, ಸಾಸಿವೆಯೋ ಚಕ್ಕೆ ಲವಂಗವೋ ಸಿಡಿಯಬೇಕು, ಈರುಳ್ಳಿ ಕೆಂಪಾಗಬೇಕು, ಶುಂಠಿ ಬೆಳ್ಳುಳ್ಳಿಯ ಹಸಿ ವಾಸನೆ ಹೋಗಬೇಕು, ಆಮೇಲೆಯೇ ಕೋಳಿಗೆ ಪಾತ್ರೆಯೊಳಗೆ ಪ್ರವೇಶ. ಮ್ಕಲ್ಲಿಯಲ್ಲಿ ಒಗ್ಗರಣೆಯೇ ಇಲ್ಲ. ಎಲ್ಲವೂ ತಣ್ಣನೆಯ ಪಾತ್ರೆಗೆ ಒಟ್ಟಿಗೆ ಬೀಳುತ್ತವೆ. ರುಚಿಯನ್ನು ಕಟ್ಟುವ ಕೆಲಸ ನಡೆಯುವುದು ಕೊನೆಯಲ್ಲಿ, ಕೋಳಿಯನ್ನು ಹೊರತೆಗೆದ ಮೇಲೆ ಉಳಿದ ರಸವನ್ನು ಇಂಗಿಸುವಾಗ. ಭಾರತದಲ್ಲಿ ಈ ಅಡುಗೆಯನ್ನು ಮಾಡಹೊರಟವರ ತಟ್ಟೆಯಲ್ಲಿ ಅದು ಸುಲಭವಾಗಿ ಒಂದು ಹುಳಿಯಾದ ಕೋಳಿ ಕುರ್ಮಾ ಆಗಿಬಿಡುತ್ತದೆ. ಅದಕ್ಕೆ ಕಾರಣ ಮಸಾಲೆಯ ಕೊರತೆಯಲ್ಲ, ಒಗ್ಗರಣೆ ಹಾಕದೆ ಸುಮ್ಮನಿರಲಾರದ ಕೈ.

ರಾಸ್ ಎಲ್ ಹಾನೂತ್ ಎಂಬ ಸಿದ್ಧ ಮಸಾಲೆಪುಡಿಯ ಪೊಟ್ಟಣವನ್ನು ಪ್ರವಾಸಿಗರೆಲ್ಲ ಕೊಂಡು ತರುತ್ತಾರೆ. ನನ್ನ ಚೀಲದಲ್ಲಿಯೂ ಒಂದಿತ್ತು. ಅದನ್ನು ಈ ಅಡುಗೆಗೆ ಮುಟ್ಟಲಿಲ್ಲ. ದಾಲ್ಚಿನ್ನಿ, ಒಣ ಏಪ್ರಿಕಾಟ್, ಜೇನುತುಪ್ಪಗಳೂ ತಜೀನ್ ಎಂಬ ಮಣ್ಣಿನ ಪಾತ್ರೆಯಲ್ಲಿ ಮಾಡುವ ಬೇರೆ ಅಡುಗೆಗಳಿಗೆ ಸೇರಿದವು. ಕೆಂಪು ಮೆಣಸಿನ ಪುಡಿ ಮತ್ತು ಬೆಣ್ಣೆ ಸೇರಿದರೆ ಅದು ಮ್ಹಮ್ಮರ್ ಎಂಬ ಇನ್ನೊಂದೇ ಬಗೆ.

ನಿಂಬೆ

ಅಡುಗೆಗಿಂತ ತಿಂಗಳು ಮುಂಚೆಯೇ ಆರಂಭವಾಗಬೇಕಾದ ಕೆಲಸ ಇದು. ಮೊರೊಕ್ಕೊದಲ್ಲಿ ಉಪ್ಪು ಹಾಕಲು ದೊಕ್ ಎಂಬ ಸಣ್ಣ, ತೆಳುಸಿಪ್ಪೆಯ, ಬಹಳ ಪರಿಮಳದ ನಿಂಬೆಯನ್ನು ಮೆಚ್ಚುತ್ತಾರೆ. ಮರ್ರಾಕೆಶ್‌ನ ಜೆಮಾ ಎಲ್ ಫ್ನಾ ಚೌಕದ ಪಕ್ಕದಲ್ಲಿರುವ ಆಲಿವ್ ಸಂತೆಯಲ್ಲಿ, ಬಣ್ಣಬಣ್ಣದ ಆಲಿವ್ ರಾಶಿಗಳ ನಡುವೆ ಈ ಉಪ್ಪು ನಿಂಬೆಗಳನ್ನು ಗೋಪುರವಾಗಿ ಪೇರಿಸಿಟ್ಟಿರುತ್ತಾರೆ. ಹಳದಿಯಿಂದ ಕಂದಿಗೆ ತಿರುಗಿದ, ಒಳಗಿನ ಬೆಳಕು ಕಾಣುವಂಥ ಸಿಪ್ಪೆ. ನಮ್ಮಲ್ಲಿ ಉಪ್ಪು ನಿಂಬೆಕಾಯಿ ಹೊಸದೇನಲ್ಲ. ಜ್ವರ ಬಿಟ್ಟವರ ಗಂಜಿಗೆ ನೆಂಚಿಕೊಳ್ಳಲು ಮೆಣಸಿನಪುಡಿ ಹಾಕದ ನಿಂಬೆಕಾಯಿ ಉಪ್ಪಿನಕಾಯಿಯನ್ನು ಎಷ್ಟೋ ಮನೆಗಳಲ್ಲಿ ವರ್ಷವಿಡೀ ಇಟ್ಟಿರುತ್ತಾರೆ. ಹಾಗಿದ್ದ ಮೇಲೆ ಅದನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಅದಕ್ಕೆ ಉತ್ತರ ಹಣ್ಣಿನ ಜಾತಿಯಲ್ಲಿದೆ. ಇಂಡಿ ಸೀಮೆಯಿಂದ ಬರುವ, ಜಿಐ ಮಾನ್ಯತೆ ಪಡೆದಿರುವ ನಮ್ಮ ನಿಂಬೆ ರಸಕ್ಕೆ ಎಣೆಯಿಲ್ಲದ್ದು, ಆದರೆ ಅದರ ಸಿಪ್ಪೆ ಕಾಗದದಷ್ಟು ತೆಳು. ಉಪ್ಪಿನಲ್ಲಿ ತಿಂಗಳು ಕಳೆದರೆ ಅದು ಕಂದಾಗಿ, ಹುಳಿಯೇ ಮುಂದಾಗಿ, ಬಿಸಿ ರಸದಲ್ಲಿ ತುಸು ಕಹಿಯನ್ನೂ ಬಿಡುತ್ತದೆ. ಹೇರಳೆಕಾಯಿಯದು ಇದರ ವಿರುದ್ಧದ ತೊಂದರೆ: ಸಿಪ್ಪೆಯ ಒಳಗಿನ ಬಿಳಿ ತಿರುಳು ದಪ್ಪವಾಗಿ, ಉಪ್ಪು ಅದರ ನಡುವಿಗೆ ಇಳಿಯಲು ಬಹಳ ಕಾಲ ಬೇಕು, ಕಹಿಯೂ ಬೇಗ ಹೋಗದು. ಮೊರೊಕ್ಕೊದ ನಿಂಬೆಗೆ ಬಂಧುವೆಂದರೆ ಮಲೆನಾಡಿನ ಹಿತ್ತಲುಗಳಲ್ಲಿ ಕಾಣುವ ಗಜನಿಂಬೆ; ಅದು ಸಿಗದಿದ್ದರೆ ದೊಡ್ಡ ಅಂಗಡಿಗಳಲ್ಲಿ ಮಾರುವ, ತುದಿಯಲ್ಲಿ ಮೊಲೆತೊಟ್ಟಿನಂಥ ಮೊನೆಯಿರುವ ಹಳದಿ ಲೆಮನ್. ಹೊರದೇಶದಿಂದ ಬಂದ ಹಣ್ಣಿಗೆ ಮೇಣ ಬಳಿದಿರುವುದುಂಟು. ಬಿಸಿನೀರಿನಲ್ಲಿ ಅದ್ದಿ, ಒರಟು ಬಟ್ಟೆಯಿಂದ ತಿಕ್ಕಿದರೆ ಮೇಣ ಬಿಡುತ್ತದೆ, ಸಿಪ್ಪೆ ಮಂಕಾಗಿ ಕಾಣುತ್ತದೆ. ಮೇಣದ ಮೇಲೆ ಉಪ್ಪು ಹಿಡಿಯುವುದಿಲ್ಲವಾದ್ದರಿಂದ ಇದನ್ನು ಬಿಡುವಂತಿಲ್ಲ.

ನಾನು ಮೂರೂ ಜಾತಿಗಳನ್ನು ಒಂದೊಂದು ಗಾಜಿನ ಜಾಡಿಯಲ್ಲಿ ಒಂದೇ ಕ್ರಮದಲ್ಲಿ ಹಾಕಿ ಹೋಲಿಸಿ ನೋಡಿದೆ. ಕ್ರಮ ಸರಳವಾದದ್ದು: ಹಣ್ಣಿನ ತೊಟ್ಟಿನ ಕಡೆ ಬುಡ ಬಿಡದಂತೆ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಸೀಳಿನೊಳಗೆ ಕಲ್ಲುಪ್ಪಿನ ಪುಡಿಯನ್ನು ಒತ್ತಿ ತುಂಬಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಜಾಡಿಯಲ್ಲಿ ಗಾಳಿಗೆ ಎಡೆಯಿಲ್ಲದಂತೆ ಅದುಮಿಡಬೇಕು. ಕಿಲೋ ಹಣ್ಣಿಗೆ 150 ಗ್ರಾಂ ಉಪ್ಪು ಸಾಕು. ಮರುದಿನಕ್ಕೆ ಉಪ್ಪು ರಸವನ್ನು ಎಳೆದು ಹಣ್ಣು ಕುಗ್ಗುತ್ತದೆ. ಆಗ ಮತ್ತೊಮ್ಮೆ ಅದುಮಿ, ಹಣ್ಣುಗಳು ಪೂರ್ತಿ ಮುಳುಗುವವರೆಗೆ ಬೇರೆ ನಿಂಬೆಹಣ್ಣಿನ ರಸವನ್ನು ಹಿಂಡಬೇಕು. ಈ ಮೇಲಿನ ರಸಕ್ಕೆ ಮಾತ್ರ ನಮ್ಮ ಅಗ್ಗದ ಇಂಡಿ ನಿಂಬೆಯೇ ಉತ್ತಮ. ಮೇಲೆ ತೇಲಿದ ಹೋಳಿನ ಮೇಲೆ ಬಿಳಿ ಪೊರೆಯಂಥದ್ದು ಕಾಣಿಸಿಕೊಳ್ಳಬಹುದು. ಅದನ್ನು ತೆಗೆದು, ಹೋಳನ್ನು ಒಳಕ್ಕೆ ಒತ್ತಿದರೆ ಸಾಕು. ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಆ ಜಾಡಿಯನ್ನೇ ಚೆಲ್ಲುವುದು ಒಳ್ಳೆಯದು.

ತಯಾರಾಗಿದೆಯೇ ಎಂದು ತಿಳಿಯುವ ಬಗೆ ಹೀಗೆ. ಒಂದು ಕಾಲುಭಾಗವನ್ನು ತೆಗೆದು ನೀರಿನಲ್ಲಿ ತೊಳೆದು, ಒಳಗಿನ ತಿರುಳನ್ನು ಹೆಬ್ಬೆರಳಿನಿಂದ ದಬ್ಬಿದರೆ ಅದು ಸಿಪ್ಪೆಯಿಂದ ಒಂದೇ ತುಂಡಾಗಿ ಜಾರಿ ಬರಬೇಕು. ಉಳಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಬಿಳಿ ಭಾಗ ಬಿಳಿಯಾಗಿರದೆ ಜೇನಿನ ಬಣ್ಣಕ್ಕೆ ತಿರುಗಿರಬೇಕು, ಉಗುರು ಒತ್ತಿದರೆ ತಡೆಯಿಲ್ಲದೆ ಇಳಿಯಬೇಕು. ನಾಲಿಗೆಯ ಮೇಲಿಟ್ಟಾಗ ಮೊದಲು ಉಪ್ಪು, ಆಮೇಲೆ ಹೂವಿನಂಥ ಒಂದು ವಾಸನೆ. ಕಹಿ ಎಷ್ಟು ಹುಡುಕಿದರೂ ಸಿಗಬಾರದು. ಗಜನಿಂಬೆ ತಿಂಗಳ ಕೊನೆಯಲ್ಲಿ ಈ ಹದಕ್ಕೆ ಬಂದಿತು. ಇನ್ನೆರಡು ಜಾಡಿಗಳು ಊಟಕ್ಕೆ ನೆಂಚಿಕೊಳ್ಳಲು ಹೋದವು.

ಸ್ಮೆನ್, ಆಲಿವ್, ಕೇಸರಿ

ಸ್ಮೆನ್ ಎಂದರೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹಣ್ಣಾಗಿಸಿದ ಬೆಣ್ಣೆ. ಅದಕ್ಕೆ ತುಪ್ಪ ಪರ್ಯಾಯವೆಂದು ಸುಲಭವಾಗಿ ಹೇಳಿಬಿಡುತ್ತಾರೆ, ನನಗೆ ಅದು ಒಪ್ಪಿಗೆಯಾಗಲಿಲ್ಲ. ತುಪ್ಪದ ಘಮ ಕಾಯಿಸಿದ ಹಾಲಿನಂಶದಿಂದ ಬರುವಂಥದ್ದು; ಸ್ಮೆನ್‌ನ ಘಾಟು ಬೆಣ್ಣೆಯ ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಬಿಡುಗಡೆಯಾಗುವುದರಿಂದ ಬರುವಂಥದ್ದು, ಹಳೆಯ ಚೀಸ್‌ನ ವಾಸನೆಗೆ ಹತ್ತಿರ. ಅಲ್ಲಿ ಬೆಣ್ಣೆಯನ್ನು ಓರೆಗಾನೊ ಜಾತಿಯ ಗಿಡದ ಕಷಾಯದಲ್ಲಿ ತೊಳೆಯುವ ಪದ್ಧತಿಯಿದೆ. ನಮ್ಮ ಕುಂಡದ ದೊಡ್ಡಪತ್ರೆಯಲ್ಲಿಯೂ ಓರೆಗಾನೊದಲ್ಲಿರುವ ಕಾರ್ವಕ್ರಾಲ್ ಎಂಬ ಅಂಶವೇ ಇರುವುದರಿಂದ ಅದರ ಎಲೆಗಳನ್ನು ಕುದಿಸಿ ತಣಿಸಿದ ನೀರಿನಲ್ಲಿ ಮನೆಯಲ್ಲಿ ಕಡೆದ 250 ಗ್ರಾಂ ಬೆಣ್ಣೆಯನ್ನು ತೊಳೆದೆ. ಮಜ್ಜಿಗೆಯ ಬಿಳುಪು ನೀರಿಗೆ ಬಿಡುವುದು ನಿಲ್ಲುವವರೆಗೆ ನೀರನ್ನು ಬದಲಿಸುತ್ತ ಹಿಸುಕಿ, ಒಂದು ದೊಡ್ಡ ಚಮಚ ಉಪ್ಪು ನಾದಿ, ಸಣ್ಣ ಪಿಂಗಾಣಿ ಭರಣಿಯಲ್ಲಿ ಒತ್ತಿ, ತಂಪಾದ ಕತ್ತಲ ಮೂಲೆಯಲ್ಲಿಟ್ಟೆ. ನೀರಿನ ಪಸೆ ಉಳಿದರೆ ಬೂಷ್ಟು ಬರುತ್ತದೆ, ಆದ್ದರಿಂದ ಹಿಸುಕುವ ಕೆಲಸಕ್ಕೆ ಮಾತ್ರ ಅವಸರ ಸಲ್ಲದು. ಅಡುಗೆಗೆ ಬೇಕಾಗುವುದು ಒಂದು ಸಣ್ಣ ಚಮಚ ಅಷ್ಟೇ. ಅದಿಲ್ಲದೆಯೂ ಅಡುಗೆ ಆಗುತ್ತದೆ, ಆದರೆ ಇದ್ದರೆ ರಸಕ್ಕೆ ಒಂದು ತಳ ಸಿಗುತ್ತದೆ.

ಆಲಿವ್ ವಿಷಯದಲ್ಲಿ ಆಯ್ಕೆ ಕಡಿಮೆ. ಮೊರೊಕ್ಕೊದ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವುದು ಪಿಶೋಲಿನ್ ಮರೋಕೆನ್ ಎಂಬ ತಳಿ. ಹಸಿರಾಗಿರುವಾಗಲೇ ಜಜ್ಜಿ ಉಪ್ಪುನೀರಿಗೆ ಹಾಕಿದ ಅಥವಾ ನೇರಳೆಗೆ ತಿರುಗಿದ ಕಾಯಿಯನ್ನು ಈ ಅಡುಗೆಗೆ ಬಳಸುತ್ತಾರೆ. ಇಲ್ಲಿ ಸಿಗುವ ಸ್ಪೇನ್‌ನ ಬಾಟಲಿ ಆಲಿವ್‌ಗಳಲ್ಲಿ ಬೀಜ ತೆಗೆಯದ ಹಸಿರು ಕಾಯಿಯನ್ನೇ ಹುಡುಕಬೇಕು. ಪಿಜ್ಜಾಕ್ಕೆಂದು ಬಿಲ್ಲೆಗಳಾಗಿ ಕತ್ತರಿಸಿದ್ದು ಬಿಸಿಯಲ್ಲಿ ರಬ್ಬರಿನಂತಾಗುತ್ತದೆ. 100 ಗ್ರಾಂ ಕಾಯಿಯನ್ನು ಚಾಕುವಿನ ಅಗಲದಿಂದ ಮೆಲ್ಲಗೆ ಒತ್ತಿ ಬಿರುಕು ಬಿಡಿಸಿ, ನೀರಿನಲ್ಲಿ ಎರಡು ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿ, ಇನ್ನೊಮ್ಮೆ ಹಾಗೆಯೇ ಮಾಡಿದರೆ ಬಾಟಲಿಯ ಉಪ್ಪು ಮತ್ತು ವಿನಿಗರ್ ವಾಸನೆ ಇಳಿಯುತ್ತದೆ.

ಮೊರೊಕ್ಕೊದ ಕೇಸರಿ ಬೆಳೆಯುವುದು ದಕ್ಷಿಣದ ತಾಲಿಯೂಯಿನ್ ಸುತ್ತಿನ ಬೆಟ್ಟಸೀಮೆಯಲ್ಲಿ. ಕಾಶ್ಮೀರದ ಪಾಂಪೋರ್‌ನ ಕೇಸರಿ ನಮ್ಮಲ್ಲಿ ದೊರೆಯುವುದರಿಂದ ಇಲ್ಲಿ ಚಿಂತೆಯಿಲ್ಲ. ಸುಮಾರು 30 ಎಳೆಗಳನ್ನು ಒಲೆಯ ಪಕ್ಕದಲ್ಲಿ ಬೆಚ್ಚಗೆ ಮಾಡಿ, ಗರಿಗರಿಯಾದ ಮೇಲೆ ಚಿಟಿಕೆ ಉಪ್ಪಿನೊಡನೆ ಅರೆದು ಅರ್ಧ ಲೋಟ ಬಿಸಿನೀರಿಗೆ ಹಾಕಿದರೆ ಬಣ್ಣ ಪೂರ್ತಿ ಬಿಡುತ್ತದೆ. ಬಣ್ಣಕ್ಕೆ ಬೆಂಬಲವಾಗಿ ಕಾಲು ಚಮಚ ಅರಿಸಿನ ಹಾಕುವುದು ಅಲ್ಲಿಯೂ ಉಂಟು. ಅಲ್ಲಿನ ಮನೆಗಳಲ್ಲಿ ಕೇಸರಿಯ ಖರ್ಚು ಉಳಿಸಲು ಕೃತಕ ಹಳದಿ ಬಣ್ಣದ ಪುಡಿಯನ್ನು ಧಾರಾಳವಾಗಿ ಬಳಸುವುದನ್ನೂ ಹೇಳಬೇಕು; ಪ್ರವಾಸಿಗರ ತಟ್ಟೆಯ ಕಣ್ಣು ಕುಕ್ಕುವ ಹಳದಿಗೆ ಎಷ್ಟೋ ಸಲ ಅದೇ ಕಾರಣ, ಅದನ್ನು ಅನುಕರಿಸುವ ಅಗತ್ಯವಿಲ್ಲ.

ಮಡಕೆ

ತಜೀನ್ ಎಂಬುದು ಅಡುಗೆಯ ಹೆಸರೂ ಹೌದು, ಅದನ್ನು ಮಾಡುವ ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಪಾತ್ರೆಯ ಹೆಸರೂ ಹೌದು. ಅಟ್ಲಾಂಟಿಕ್ ತೀರದ ಸಫಿ ಊರು ಕುಂಬಾರಿಕೆಗೆ ಪ್ರಸಿದ್ಧ. ಸಂತೆಗಳಲ್ಲಿ ಕಾಣುವ ಬಣ್ಣದ ಚಿತ್ತಾರದ, ಮಿರುಗುವ ತಜೀನ್‌ಗಳಲ್ಲಿ ಹಲವು ಬಡಿಸುವುದಕ್ಕಷ್ಟೇ ಮಾಡಿದವು. ಅವುಗಳ ಮೆರುಗಿನಲ್ಲಿ ಸೀಸ ಇರಬಹುದಾದ್ದರಿಂದ, ನಿಂಬೆಯ ಹುಳಿ ಹಾಕಿ ಬೇಯಿಸುವ ಅಡುಗೆಗೆ ಅವನ್ನು ಒಲೆಯ ಮೇಲಿಡುವುದು ಅಪಾಯ. ವಿಮಾನದ ತೂಕದ ಮಿತಿಯೂ ಇದ್ದುದರಿಂದ ನಾನು ಪಾತ್ರೆಯನ್ನು ತರಲಿಲ್ಲ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಮೆರುಗಿಲ್ಲದ ಅಗಲ ಬಾಯಿಯ ಮೀನಿನ ಚಟ್ಟಿಯೊಂದನ್ನು ಕೊಂಡು, ಅದಕ್ಕೆ ಮುಚ್ಚಳವನ್ನು ಅಲ್ಲಿಯೇ ಹೇಳಿ ಮಾಡಿಸಿದೆ.

ಮುಚ್ಚಳ ಮಾಡಿಸುವಾಗ ಗಮನಿಸಬೇಕಾದದ್ದು ಮಣ್ಣು ಕುಗ್ಗುವ ಪ್ರಮಾಣ. ಒಣಗುವಾಗ ಮತ್ತು ಸುಡುವಾಗ ಒಟ್ಟು ಹತ್ತರಲ್ಲೊಂದು ಪಾಲಿನಷ್ಟು ಮಣ್ಣು ಕುಗ್ಗುತ್ತದೆ ಎಂಬ ಲೆಕ್ಕದಲ್ಲಿ, 26 ಸೆಂಟಿಮೀಟರ್ ಬೇಕಾಗಿದ್ದ ಅಂಚನ್ನು ಹಸಿಮಣ್ಣಿನಲ್ಲಿ 29ಕ್ಕೆ ಎತ್ತಿದರು. ಚಕ್ರದ ಮೇಲೆ ತಲೆಕೆಳಗಾಗಿ ಆಲಿಕೆಯ ಆಕಾರದಲ್ಲಿ ಎತ್ತಿ, ತುಸು ಒಣಗಿದ ಮೇಲೆ ಮಗುಚಿ, ತುದಿಗೆ ಹಿಡಿಯಲು ಒಂದು ಗುಬಟು ಅಂಟಿಸಿದರು. ಸುಟ್ಟು ಬಂದ ಮುಚ್ಚಳ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಚಪ್ಪಟೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಅಂಚನ್ನು ಉಜ್ಜಿದೆ, ಪೂರ್ತಿ ಕೂರಿಸಲಿಲ್ಲ. ಆವಿಗೆ ಸ್ವಲ್ಪ ದಾರಿ ಇರುವುದೇ ಒಳ್ಳೆಯದು, ಇದು ದಮ್ ಬಿರಿಯಾನಿಯಲ್ಲ.

ಹೊಸ ಮಡಕೆಯನ್ನು ಪಳಗಿಸುವ ವಿಚಾರದಲ್ಲಿ ನಮ್ಮ ಹಿರಿಯರ ಕ್ರಮವೂ ಅಲ್ಲಿಯವರ ಕ್ರಮವೂ ಒಂದಕ್ಕೊಂದು ಪೂರಕವಾಗಿವೆ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಮರುದಿನ ಅಕ್ಕಿ ತೊಳೆದ ನೀರನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಕುದಿಸಿದೆ; ಗಂಜಿಯ ಅಂಶ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮೇಲೆ ಆಲಿವ್ ಎಣ್ಣೆ ಸವರಿ, ತಣ್ಣನೆಯ ಓವನ್‌ನಲ್ಲಿಟ್ಟು 150 ಡಿಗ್ರಿಗೆ ಏರಿಸಿ, ಎರಡು ತಾಸಿನ ನಂತರ ಓವನ್ ಆರಿಸಿ ಅದರೊಳಗೇ ತಣಿಯಲು ಬಿಟ್ಟೆ. ಗ್ಯಾಸಿನ ಉರಿ ಮಣ್ಣಿಗೆ ನೇರವಾಗಿ ತಾಗಿದರೆ ಬಿರುಕು ಖಚಿತ. ಅಲ್ಲಿ ಮಜ್ಮರ್ ಎಂಬ ಕೆಂಡದ ಒಲೆಯಿದೆ. ಇಲ್ಲಿ ಬಳಕೆ ಬಿಟ್ಟ ಹಳೆಯ ಕಬ್ಬಿಣದ ದೋಸೆ ಹೆಂಚನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಮಡಕೆಯನ್ನಿಟ್ಟರೆ ಉರಿ ಹರಡಿ ಅದೇ ಕೆಲಸ ನಡೆಯುತ್ತದೆ. ಉರಿ ಸಣ್ಣದಿದ್ದಾಗ ರಸದ ಬಿಸಿ 92ರಿಂದ 94 ಡಿಗ್ರಿಯಲ್ಲಿ ನಿಂತಿತೆಂದು ಥರ್ಮಾಮೀಟರ್ ಹೇಳಿತು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಇದು ಕುದಿಗಿಂತ ಒಂದು ಮೆಟ್ಟಿಲು ಕೆಳಗಿನ ಹದ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಮಾನವನ್ನೂ ಹೇಳಿಬಿಡುತ್ತೇನೆ. ಮುಚ್ಚಳದ ಶಂಕುವಿನಾಕಾರ ಈ ಅಡುಗೆಗೆ ಅನಿವಾರ್ಯವಲ್ಲ. ಅದೇ ಪ್ರಮಾಣವನ್ನು ದಪ್ಪ ತಳದ ಅಲ್ಯುಮಿನಿಯಂ ಪಾತ್ರೆಯಲ್ಲಿ, ಅದೇ ಹೆಂಚಿನ ಮೇಲೆ ಮಾಡಿ ನೋಡಿದಾಗ ವ್ಯತ್ಯಾಸ ಬಹಳ ಕಡಿಮೆಯಿತ್ತು. ಮದುವೆಗಳಲ್ಲಿ ಇಡೀ ಕೋಳಿಗಳನ್ನು ಬೇಯಿಸುವುದು ದೊಡ್ಡ ಲೋಹದ ಹಂಡೆಗಳಲ್ಲಿಯೇ. ಊರಿನ ಮನೆಗಳಲ್ಲಿ ಕೊಕೊತ್ ಎಂದು ಕರೆಯುವ ಪ್ರೆಷರ್ ಕುಕ್ಕರ್ ನಮ್ಮಲ್ಲಿನಷ್ಟೇ ಜೋರಾಗಿ ಕೂಗುತ್ತದೆ. ಮಣ್ಣಿನ ಪಾತ್ರೆಯ ಲಾಭವೆಂದರೆ ಅದು ಅವಸರಕ್ಕೆ ಅವಕಾಶ ಕೊಡುವುದಿಲ್ಲ, ಮತ್ತು ಮೇಜಿನ ಮೇಲೆ ಅರ್ಧ ತಾಸು ಬಿಸಿ ಹಿಡಿದಿರುತ್ತದೆ. ಆದರೂ ಮಡಕೆಯನ್ನೇ ಬಳಸುತ್ತಿದ್ದೇನೆ, ಮಾಡಿಸಿದ್ದಕ್ಕಾದರೂ ಬಳಸಬೇಕಲ್ಲ.

ಕೋಳಿ ಮತ್ತು ಅಡುಗೆ

ಬೆಂಗಳೂರಿನ ಕೋಳಿ ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಚರ್ಮ ಸುಲಿದು, ಸಾಂಬಾರಿಗಾಗುವಂತೆ ಸಣ್ಣಗೆ ಕೊಚ್ಚಿ ಕೊಡುತ್ತಾರೆ. ಚರ್ಮ ಬಿಡಬೇಕು, ಇಡಿಯಾಗಿರಬೇಕು, ಇಲ್ಲವೇ ನಾಲ್ಕೇ ತುಂಡಾಗಬೇಕು, ಈಲಿ ಬೇರೆ ಕೊಡಬೇಕು ಎಂದು ಬಿಡಿಸಿ ಹೇಳಬೇಕಾಗುತ್ತದೆ. ಚರ್ಮವಿಲ್ಲದಿದ್ದರೆ ಕೊನೆಯ ಹುರಿತಕ್ಕೂ ಅರ್ಥವಿಲ್ಲ, ರಸಕ್ಕೆ ಅಂಟೂ ಬರುವುದಿಲ್ಲ. ಮೊರೊಕ್ಕೊದಲ್ಲಿಯೂ ನಮ್ಮ ಹಾಗೆಯೇ ಊರಕೋಳಿ ಮತ್ತು ಫಾರಂ ಕೋಳಿಯ ಭೇದ ಬಲವಾಗಿದೆ. ಮೊದಲನೆಯದು ಬೆಲ್ದಿ, ಎರಡನೆಯದು ರೂಮಿ, ಬೆಲೆಯಲ್ಲಿಯೂ ಗೌರವದಲ್ಲಿಯೂ ಬೆಲ್ದಿಯೇ ಮೇಲು. ನಾನು ಇಲ್ಲಿ ಬರೆಯುತ್ತಿರುವುದು 1.2 ಕಿಲೋ ತೂಗುವ ಬ್ರಾಯ್ಲರ್‌ನ ಲೆಕ್ಕ.

ಹಿಂದಿನ ಸಂಜೆ ಕೋಳಿಗೆ ಉಪ್ಪು ಮತ್ತು ನಿಂಬೆರಸ ತಿಕ್ಕಿ ತೊಳೆದು, ನೀರು ಬಸಿದು ಒರೆಸಬೇಕು. ಉಪ್ಪು ನಿಂಬೆಯ ಒಂದು ಹಣ್ಣಿನ ತಿರುಳನ್ನು ಬೀಜ ತೆಗೆದು ಅರೆದು, ಅದಕ್ಕೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದೂವರೆ ಚಮಚ ಒಣಶುಂಠಿ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರಿಸಿನ ಮತ್ತು ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಸೇರಿಸಿ, ಚರ್ಮದ ಕೆಳಗೂ ಬೆರಳಾಡಿಸಿ ಸವರಿ, ರಾತ್ರಿ ಫ್ರಿಜ್‌ನಲ್ಲಿಡಬೇಕು. ಹಸಿಶುಂಠಿ ಇಲ್ಲಿ ಸಲ್ಲುವುದಿಲ್ಲ. ಹಸಿಶುಂಠಿಯ ವಾಸನೆ ನಿಂಬೆಯ ವಾಸನೆಗೆ ಎದುರು ನಿಲ್ಲುತ್ತದೆ, ಒಣಶುಂಠಿ ಅದರ ಹಿಂದೆ ನಿಲ್ಲುತ್ತದೆ. ಕಷಾಯಕ್ಕೆಂದು ಗ್ರಂಥಿಗೆ ಅಂಗಡಿಯಿಂದ ತಂದಿಟ್ಟ ಶುಂಠಿಯನ್ನು ಆಗಲೇ ಕುಟ್ಟಿ ಜರಡಿ ಹಿಡಿದರೆ ಪೊಟ್ಟಣದ ಪುಡಿಗಿಂತ ಎಷ್ಟೋ ಮೇಲು.

ಅರ್ಧ ಕಿಲೋಗೆ ತುಸು ಹೆಚ್ಚೇ ಈರುಳ್ಳಿ ಬೇಕು, ಅದನ್ನು ಹೆಚ್ಚುವ ಬದಲು ತುರಿಯಬೇಕು. ಕೆಂಪು ಈರುಳ್ಳಿಯಿಂದ ರುಚಿಗೆ ದೋಷವಿಲ್ಲ, ಆದರೆ ಬಣ್ಣ ಮಂಕಾಗಿ ಕೇಸರಿಯ ಹೊನ್ನು ಮರೆಯಾಗುತ್ತದೆ. ಬಿಳಿ ಈರುಳ್ಳಿ ಸಿಕ್ಕರೆ ಅದೇ ಸರಿ. ತುರಿದದ್ದನ್ನು ಜರಡಿಯಲ್ಲಿಟ್ಟು ನೀರಿನಲ್ಲಿ ತೊಳೆದು ಹಿಂಡಿದರೆ ಹಸಿ ಘಾಟು ಹೋಗುತ್ತದೆ.

ಮಡಕೆ ತಣ್ಣಗಿರುವಾಗಲೇ ಎರಡು ದೊಡ್ಡ ಚಮಚ ಎಣ್ಣೆ, ಸ್ಮೆನ್, ಈರುಳ್ಳಿ ತುರಿ, ಕೇಸರಿಯ ನೀರು, ದಾರದಿಂದ ಕಟ್ಟಿದ ಕೊತ್ತಂಬರಿ ಮತ್ತು ಪಾರ್ಸ್ಲಿಯ ಒಂದು ಸಣ್ಣ ಕಟ್ಟು, ಈಲಿ, ಎಲ್ಲಕ್ಕೂ ಮೇಲೆ ಎದೆಭಾಗ ಕೆಳಗಾಗುವಂತೆ ಕೋಳಿ, ಒಂದು ಲೋಟ ನೀರು. ಉಪ್ಪು ಹಾಕುವಂತಿಲ್ಲ, ನಿಂಬೆ, ಆಲಿವ್, ಸ್ಮೆನ್ ಮೂರರಲ್ಲಿಯೂ ಅದಿದೆ, ರಸ ಇಂಗಿದಂತೆ ಅದು ಹೆಚ್ಚುತ್ತಲೇ ಹೋಗುತ್ತದೆ. ಉರಿಯನ್ನು ಹತ್ತು ನಿಮಿಷಕ್ಕೊಮ್ಮೆ ತುಸು ತುಸುವೇ ಏರಿಸುತ್ತ, ಮೊದಲ ಗುಳ್ಳೆ ಕಂಡೊಡನೆ ಮತ್ತೆ ಇಳಿಸಿ ಮುಚ್ಚಿದೆ. ಮೊದಲ ಕಾಲು ತಾಸು ಅಡುಗೆಮನೆಯಲ್ಲಿ ಬೇಯುವ ಈರುಳ್ಳಿಯ ಪೇಲವ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ, ಒಳಗೆ ನೋಡಿದರೆ ನೀರಾದ ಬಿಳಿ ರಸ. ಒಗ್ಗರಣೆ ಸೌಟಿಗೆ ಕೈ ಚಾಚುವ ಮನಸ್ಸಾಗುವುದು ಇದೇ ಹೊತ್ತಿನಲ್ಲಿ. ತಾಳಿಕೊಂಡರೆ ಅರ್ಧ ತಾಸಿನ ಹೊತ್ತಿಗೆ ಶುಂಠಿಯೂ ಕೇಸರಿಯೂ ಮೇಲೇಳುತ್ತವೆ. ನಡುವೆ ಒಮ್ಮೆ ಕೋಳಿಯನ್ನು ಮಗುಚಿ, ಈಲಿ ಬೆಂದೊಡನೆ ಅದನ್ನು ತೆಗೆದಿಡಬೇಕು. ಮಡಕೆಯಲ್ಲಿ ಒಟ್ಟು ಒಂದು ತಾಸಿನೊಳಗೆ ತೊಡೆಯ ಕೀಲು ಸಡಿಲವಾಯಿತು.

ಕೋಳಿಯನ್ನು ಮುರಿಯದಂತೆ ಎರಡು ಸೌಟಿನಿಂದ ಎತ್ತಿ ತಟ್ಟೆಗೆ ತೆಗೆದು, ಮೇಲೆ ತುಸು ಎಣ್ಣೆ ಸವರಿ, 220 ಡಿಗ್ರಿಯ ಓವನ್‌ನಲ್ಲಿ ಚರ್ಮ ಕೆಂಪಾಗುವವರೆಗೆ, ಹನ್ನೆರಡರಿಂದ ಹದಿನೈದು ನಿಮಿಷ ಇಟ್ಟೆ. ಅಡುಗೆಯ ಜೀವ ಇರುವುದು ಈ ನಡುವೆ ಒಲೆಯ ಮೇಲೆ ನಡೆಯುವ ಕೆಲಸದಲ್ಲಿ. ಸೊಪ್ಪಿನ ಕಟ್ಟನ್ನು ಹಿಂಡಿ ತೆಗೆದು, ಈಲಿಯನ್ನು ಫೋರ್ಕಿನಿಂದ ನುಣ್ಣಗೆ ಮಸೆದು, ಇನ್ನೊಂದು ಅರ್ಧ ಉಪ್ಪು ನಿಂಬೆಯ ತಿರುಳಿನೊಡನೆ ರಸಕ್ಕೆ ಕಲಸಿ, ಮುಚ್ಚಳ ತೆಗೆದು ಇಂಗಿಸಬೇಕು. ಗುಳುಗುಳು ಎನ್ನುತ್ತಿದ್ದ ಸದ್ದು ನೀರು ಕಡಿಮೆಯಾದಂತೆ ಮಂದವಾಗಿ ಪುಸುಪುಸು ಎನ್ನುತ್ತದೆ, ಗುಳ್ಳೆಗಳು ದೊಡ್ಡದಾಗಿ ನಿಧಾನವಾಗಿ ಒಡೆಯುತ್ತವೆ, ಕೊನೆಗೆ ಅಂಚಿನಲ್ಲಿ ಚುರುಚುರು ಸದ್ದಿನೊಡನೆ ಹಳದಿ ಎಣ್ಣೆ ಬೇರೆಯಾಗುತ್ತದೆ. ಮರದ ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ದಾರಿ ಮುಚ್ಚಿಕೊಳ್ಳದೆ ನಿಲ್ಲಬೇಕು. ಈಲಿ ಹಾಕಿದ ಸುಳಿವು ರುಚಿಯಲ್ಲಿ ಸಿಗುವುದಿಲ್ಲ, ರಸ ಮಾತ್ರ ಅದರಿಂದ ತೂಕ ಪಡೆಯುತ್ತದೆ. ಗೆರೆ ನಿಲ್ಲುವ ಹಂತಕ್ಕೆ ಬರುವ ಹತ್ತು ನಿಮಿಷ ಮೊದಲು ಆಲಿವ್ ಮತ್ತು ಉದ್ದುದ್ದ ಸೀಳಿದ ನಿಂಬೆ ಸಿಪ್ಪೆ ಸೇರಬೇಕು. ಮೊದಲೇ ಸೇರಿಸಿದರೆ ಆಲಿವ್ ತನ್ನ ಕಹಿಯನ್ನು ಇಡೀ ರಸಕ್ಕೆ ಹಂಚುತ್ತದೆ. ಹುರಿದ ಕೋಳಿಯನ್ನು ಮಡಕೆಗೆ ಮರಳಿಸಿ, ದಗ್ಮೀರಾವನ್ನು ಮೇಲೆ ಸುರಿದು, ಒಂದೆರಡು ಸಿಪ್ಪೆಯ ಪಟ್ಟಿಯನ್ನು ಎದ್ದು ಕಾಣುವಂತೆ ಇಟ್ಟರೆ ಬಡಿಸಲು ಸಿದ್ಧ.

ರೊಟ್ಟಿ ಮತ್ತು ಉಳಿದದ್ದು

ಇದಕ್ಕೆ ಅನ್ನ ಹೊಂದುವುದಿಲ್ಲ. ಕಟ್ಟಿದ ರಸವನ್ನು ಅನ್ನ ಹೀರಿ ತೆಳುವಾಗಿಸಿಬಿಡುತ್ತದೆ. ಕುಸ್‌ಕುಸ್ ಜೊತೆಗೂ ಅಲ್ಲಿ ಇದನ್ನು ತಿನ್ನುವುದಿಲ್ಲ, ಅದು ಶುಕ್ರವಾರದ ಬೇರೆಯೇ ಊಟ. ಬೇಕಾದದ್ದು ಖೊಬ್ಜ್ ಎಂಬ ದಪ್ಪ ದುಂಡು ರೊಟ್ಟಿ, ಅದರ ತುಂಡಿನಿಂದಲೇ ಮಾಂಸವನ್ನೂ ರಸವನ್ನೂ ಹಿಡಿದು ತಿನ್ನುತ್ತಾರೆ. ಅಲ್ಲಿ ಅದಕ್ಕೆ ಬಳಸುವ ಡ್ಯೂರಮ್ ಗೋಧಿಯ ರವೆ ನಮ್ಮ ಅಂಗಡಿಗಳಲ್ಲಿ ಬನ್ಸಿ ರವೆಯ ರೂಪದಲ್ಲಿದೆ. ಅದನ್ನು 300 ಗ್ರಾಂ ಮಿಕ್ಸಿಯಲ್ಲಿ ಇನ್ನಷ್ಟು ನುಣ್ಣಗೆ ಮಾಡಿ, 200 ಗ್ರಾಂ ಮೈದಾ, ಒಂದೂವರೆ ಚಮಚ ಒಣ ಯೀಸ್ಟ್, ಉಪ್ಪು ಮತ್ತು ಸುಮಾರು 320 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನಾದಿ, ಎರಡು ಬಿಲ್ಲೆಗಳಾಗಿ ಒಂದೂವರೆ ಬೆರಳು ದಪ್ಪಕ್ಕೆ ತಟ್ಟಿ, ಉಬ್ಬಿದ ಮೇಲೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, 220 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಅದೇ ಒರಟು ಹೊರಪದರ ಬರುತ್ತದೆ. ಅವಸರವಿದ್ದ ದಿನ ಅಕ್ಕಿರೊಟ್ಟಿಯೊಡನೆ ತಿಂದಿದ್ದೇವೆ, ಅದೂ ಕೆಟ್ಟದಾಗಿರಲಿಲ್ಲ.

ಬರೆದಿಟ್ಟ ಗುರಿಯೊಡನೆ ಹೋಲಿಸಿದರೆ ದಗ್ಮೀರಾ, ಬಣ್ಣ, ಚರ್ಮ ಮೂರೂ ಸರಿಹೊಂದಿವೆ. ನಿಂಬೆ ಬಹಳ ಹತ್ತಿರ ಬಂದಿದೆ. ಸ್ಮೆನ್‌ನ ಘಾಟು ಫೆಜ್‌ನಲ್ಲಿದ್ದಷ್ಟು ಆಳವಾಗಿಲ್ಲ. ಅದಕ್ಕೆ ಕಾಲವೇ ಔಷಧಿಯಾದ್ದರಿಂದ ಭರಣಿಯನ್ನು ಮುಚ್ಚಿ ಹಾಗೆಯೇ ಇಟ್ಟಿದ್ದೇನೆ. ಆಲಿವ್ ಮಾತ್ರ ಬಾಟಲಿಯದೇ ಎಂದು ತಿಳಿದುಬಿಡುತ್ತದೆ, ಜಜ್ಜಿದ ಕಾಯಿಯ ಆ ಒಗರು ಅದಕ್ಕಿಲ್ಲ.

ಮುಂದಿನ ಸಲ ನಾಟಿಕೋಳಿ ಹಾಕುವವರು ಸಮಯವನ್ನು ಎರಡು ತಾಸಿಗೆ ಏರಿಸಿ, ನೀರನ್ನು ಎರಡು ಲೋಟ ಮಾಡಿ, ಈರುಳ್ಳಿಯಲ್ಲಿ ಅರ್ಧವನ್ನು ಒಂದು ತಾಸಿನ ನಂತರ ಸೇರಿಸುವುದು ಒಳ್ಳೆಯದು. ಎಲ್ಲವನ್ನೂ ಮೊದಲೇ ಹಾಕಿದರೆ ಅಷ್ಟು ಹೊತ್ತಿನಲ್ಲಿ ಅದು ತಳ ಹಿಡಿಯುವ ಸಂಭವವಿದೆ. ಜಾಡಿಯಲ್ಲಿ ಹಣ್ಣು ಮುಗಿದ ಮೇಲೆ ಉಳಿಯುವ ಗೋಂದಿನಂಥ ಉಪ್ಪುರಸವನ್ನು ಚೆಲ್ಲಬಾರದು. ಹೊಸದಾಗಿ ಸೀಳಿದ ಗಜನಿಂಬೆಯನ್ನು ಅದಕ್ಕೇ ಹಾಕಿ, ಉಪ್ಪನ್ನು ಮೂರನೇ ಎರಡು ಪಾಲಿಗೆ ಇಳಿಸಿದರೆ, ಎರಡನೆಯ ಜಾಡಿ ಮೊದಲನೆಯದಕ್ಕಿಂತ ವಾರ ಮುಂಚೆ ಹದಕ್ಕೆ ಬರುತ್ತದೆ. ಮಡಕೆಗೆ ಸೋಪು ಸೋಂಕಿಸದೆ ಬಿಸಿನೀರು ಮತ್ತು ತೆಂಗಿನ ನಾರಿನಿಂದ ಉಜ್ಜಿ, ಮುಚ್ಚಳವನ್ನು ಬೇರೆಯಾಗಿಯೇ ಒಣಗಿಸಿ ಇಡಬೇಕು.